ದೇವರ ದೀಪ, ಶಫಿಯ ಹತ್ತಿ

ಹಲಸೂರಿನ ಆ ಜೋಡಿ ಮನೆಗಳ ಗೋಡೆ ಶ್ರೀಕಂಠಯ್ಯನವರದು, ನೆಲ ಮಠದ್ದು. ಕಟ್ಟಡ ಸುಟ್ಟರೆ ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಿಸಬೇಕು, ಇಲ್ಲವಾದರೆ ಗುತ್ತಿಗೆ ರದ್ದು ಎಂದು ಕರಾರಾಗಿತ್ತು. ಹಿಂದಿನ ಬೀದಿಯ ಸೌದೆ ಡಿಪೋ ಉರಿದ ಮೇಲೆ ಮಗ ಅನಂತರಾಮು ಪಟ್ಟು ಹಿಡಿದ: ಎರಡೂ ಮನೆಗೆ ಬೆಂಕಿ ವಿಮೆ ಮಾಡಿಸಲೇಬೇಕು. ತೊಡಕಾದವನು ಪಕ್ಕದ ಮನೆಯ ಬಾಡಿಗೆದಾರ ಶಫಿ. ಹಾಸಿಗೆ ಹೊಲಿಯುವವನು, ಅವನ ಹಜಾರದ ತುಂಬ ಹತ್ತಿ.

“ಹತ್ತಿ ಇದ್ರೆ ಪ್ರೀಮಿಯಂ ಮೂರು ಪಟ್ಟು ಅಪ್ಪಾ. ಅವನ ಬಾಡಿಗೆಯೆಲ್ಲಾ ಅದಕ್ಕೇ ಹೋಗತ್ತೆ. ಖಾಲಿ ಮಾಡ್ಸಿ.”

“ಇನ್ಶೂರೆನ್ಸೇ ಬೇಡ ಅಂದ್ರೆ?”

“ಸುಟ್ಟೋದ್ರೆ ನಿಮ್ಮ ಪೆನ್ಶನ್‌ನಲ್ಲಿ ಕಟ್ಟಿಸ್ತೀರಾ?”

ಮರುದಿನ ಶ್ರೀಕಂಠಯ್ಯ ಶಫಿಗೆ ಮನೆ ಬಿಡಲು ಹೇಳಿಬಂದರು. ಕೇಳಿದ ಸುಬ್ಬಲಕ್ಷ್ಮಿ ಗಂಡನ ಜೊತೆ ಮಾತು ಬಿಟ್ಟರು. ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದವು.

ಶುಕ್ರವಾರ ವಿಮೆಯ ಇನ್‌ಸ್ಪೆಕ್ಟರು ಬಂದರು. ಶಫಿಯ ಹಜಾರದಲ್ಲಿ ಹತ್ತಿಯನ್ನು ಚಿವುಟಿ ನೋಡಿ ಲೊಚಗುಟ್ಟಿದರು.

“ಒಂದು ಬೀಡಿ ಕಿಡಿ ಸಾಕು ಸಾರ್. ಎರಡು ಮನೇನೂ ಬೂದಿ.”

“ನಾನು ಬೀಡಿ ಸೇದಲ್ಲ ಸಾಬ್,” ಎಂದ ಶಫಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಶ್ರೀಕಂಠಯ್ಯನವರ ಮನೆಗೆ ಬಂದರು. ದೇವರ ಗೂಡಿನಲ್ಲಿ ನಂದಾದೀಪ. ಸುಬ್ಬಲಕ್ಷ್ಮಿಯವರ ಅತ್ತೆ ಹಚ್ಚಿದ್ದು, ಹಗಲಿರುಳು ಆರದೆ ಬಂದದ್ದು. ಅದರ ಶಾಖಕ್ಕೆ ಮೇಲಿನ ತೊಲೆ ಕರಕಲಾಗಿತ್ತು. ಇನ್‌ಸ್ಪೆಕ್ಟರು ದೀಪಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು.

“ಮನೆ ಅಂದ್ರೆ ಹೀಗಿರ್ಬೇಕು. ಈ ಕಡೆ ಏನೂ ಅಪಾಯ ಇಲ್ಲ ಅಂತ ಬರೀತೀನಿ.”

“ಏನಂದ್ರಿ?” ಸುಬ್ಬಲಕ್ಷ್ಮಿ ಹೊರಗೆ ಬಂದರು. “ಬೆಂಕಿ ಇರೋದು ನಮ್ಮನೇಲಿ. ಅದಕ್ಕೆ ಕೈ ಮುಗಿದ್ರಿ. ಬೆಂಕೀನೇ ಇಲ್ಲದ ಮನೇಗೆ ಅಪಾಯ ಅಂತ ಬರೆದ್ರಿ!”

“ಅಮ್ಮಾ, ದೇವರ ದೀಪಾನ ಯಾರಾದ್ರೂ...”

“ದೇವರದಾದ್ರೆ ಸುಡಲ್ವಾ? ತಲೆ ಎತ್ತಿ ತೊಲೆ ನೋಡ್ರೀ!”

“ಸುಮ್ನಿರಮ್ಮ,” ಎಂದ ಅನಂತರಾಮು.

“ನೀನು ಸುಮ್ನಿರೋ. ಆ ದೀಪದ ಬತ್ತಿ ಯಾವ ಹತ್ತೀದು ಗೊತ್ತಾ? ಶಫೀದು. ಕಾಸು ಕೊಟ್ರೆ ತೊಗೊಳಲ್ಲ ಅವನು.” ಅವರು ಗಂಡನ ಕಡೆ ತಿರುಗಿದರು. “ದಿನಾ ಸಂಜೆ ಜಗುಲೀಲಿ ಕೂತು ಧರ್ಮದ ಪದ್ಯ ಓದ್ತೀರಲ್ಲ, ಗೋಡೆ ಆಚೆ ಅವನು ಹತ್ತಿ ಬಡಿಯೋದು ನಿಲ್ಸಿ ಕೇಳ್ತಾನೆ. ಓದೋ ನಿಮಗೆ ಕೇಳಿಸ್ಲಿಲ್ಲ. ಅವನು ಹೋಗ್ಬೇಕು ಅಂದ್ರೆ ಮೊದಲು ಈ ದೀಪ ಆರಿಸಿ. ನಿಮ್ಮ ಕೈಯಾರೆ.”

ಶ್ರೀಕಂಠಯ್ಯ ದೀಪವನ್ನು ನೋಡಿದರು. ತೊಲೆಯನ್ನು ನೋಡಿದರು. ಮುಖ ಕೆಂಪಾಗಿತ್ತು, ಸಿಟ್ಟು ಯಾರ ಮೇಲೆಂದು ಅವರಿಗೇ ತಿಳಿದಿರಲಿಲ್ಲ.

“ಬರ್ಕೊಳ್ಳಿ,” ಎಂದು ಇನ್‌ಸ್ಪೆಕ್ಟರ ಮೇಲೆ ರೇಗಿದರು. “ಆ ಕಡೆ ಹತ್ತಿ, ಈ ಕಡೆ ಬೆಂಕಿ. ಎಷ್ಟಾಗತ್ತೋ ಅಷ್ಟು ಕಟ್ತೀನಿ. ಶಫಿ ಎಲ್ಲೂ ಹೋಗಲ್ಲ.”

“ಅಪ್ಪಾ, ಬಾಡಿಗೇಲಿ ಒಂದು ಕಾಸೂ ಉಳಿಯಲ್ಲ!”

“ಉಳೀದಿದ್ರೆ ಬೇಡ ಬಿಡೋ.”

ಅನಂತರಾಮು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಇನ್‌ಸ್ಪೆಕ್ಟರಿಗೆ ಆ ಮನೆಯಲ್ಲಿ ಕಾಫಿ ಸಿಗಲಿಲ್ಲ.

ಸುಬ್ಬಲಕ್ಷ್ಮಿ ಪಕ್ಕದ ಮನೆಗೆ ಹೋದರೆ ಶಫಿ ಆಗಲೇ ಗಂಟು ಕಟ್ಟುತ್ತಿದ್ದ.

“ಹೋಗು ಅಂದ ತಕ್ಷಣ ಹೊರಟೇಬಿಡೋದೇನೋ? ಬಾಯಿಲ್ವಾ ನಿಂಗೆ?”

“ಅಯ್ನೋರು ಹೇಳಿದ್ರು ಅಮ್ಮಾ...”

“ಅಯ್ನೋರು ಹೇಳ್ತಾರೆ. ಬಿಚ್ಚು ಗಂಟು.” ಸಿಟ್ಟಿನಲ್ಲೇ ಸೆರಗು ಒಡ್ಡಿದರು. “ನಾಳೆಗೆ ಬತ್ತಿ ಇಲ್ಲ. ಹತ್ತಿ ಹಾಕು.”