ಗೋಳದ ನೆತ್ತಿಯ ಬಿಳುಪು

ಕಿಟಕಿಯ ಪಕ್ಕದ ಮೇಜಿನ ಮೇಲೆ, ಮರದ ಕಾಲೊಂದರಲ್ಲಿ, ದೊಡ್ಡದೊಂದು ಭೂಗೋಳ ನಿಂತಿದೆ. ಬೆಳಗಿನ ಬಿಸಿಲು ಅದರ ಒಂದು ಕೆನ್ನೆಯನ್ನಷ್ಟೇ ಮುಟ್ಟಿದೆ. ಸಮುದ್ರಗಳ ನೀಲಿ ಇನ್ನೂ ಹಸಿ. ಖಂಡಗಳು ಒಣಗಿ ಶಾಂತವಾಗಿವೆ. ನೆತ್ತಿಗೆ ಮಾತ್ರ ಬಣ್ಣವಿಲ್ಲ. ಅಲ್ಲಿ ಗೋಳದ ಮೈಗೆ ಅಂಟಿಸಿದ, ನಕ್ಷೆ ಹೊತ್ತ ಕಾಗದದ ಎಸಳುಗಳ ತುದಿಗಳು, ಹೊರಟ ಬಸ್ಸಿನ ಬಾಗಿಲಲ್ಲಿ ನೇತುಬಿದ್ದ ಜನರಂತೆ, ಒಂದನ್ನೊಂದು ತುಳಿದು ನಿಂತಿವೆ.

ಎಸಳುಗಳನ್ನು ಅಂಟಿಸುವವಳು ನನ್ನ ಅಕ್ಕ. ಬಣ್ಣ ಹಾಕುವವನು ನಾನು. ಅವಳು ನಡುವಿನಿಂದ ಅಂಟಿಸುತ್ತ ಮೇಲೇರಿ, ಉಳಿದ ಸೊಟ್ಟನ್ನೆಲ್ಲ ನೆತ್ತಿಗೆ ತಳ್ಳುವಳು. ಅದರ ಮೇಲೆ ನಾನು ಉತ್ತರದ ಹಿಮವನ್ನು ದಪ್ಪಗೆ ಬಳಿಯುವೆ. ಹಿಮದಷ್ಟು ಉದಾರಿ ಇನ್ನಾರು? 'ಅಕ್ಕನ ಕೈಲಿ ಅಂಟಿದ್ದು ಗೊತ್ತೇ ಆಗಲ್ಲ' ಎಂದು ಊರು ಹೊಗಳುತ್ತಿತ್ತು. ಆ ಮಾತೇ ಅವಳ ಒಡವೆ.

ಗೋಳವನ್ನು ಒಯ್ಯಲು ಬಂದ ಶಾಲೆಯ ಟೀಚರು ಉತ್ತರ ಧ್ರುವದ ಚಿತ್ರವೊಂದನ್ನು ಮೇಜಿನ ಮೇಲೆ ಹರಡಿದರು.

"ಬೇಸಿಗೆ ಮುಗಿಯೋ ಹೊತ್ತಿಗೆ ಅಲ್ಲಿ ಉಳಿಯೋ ಹಿಮ ಈಗ ಇಷ್ಟೇ. ಹೀಗೇ ಬರೀರಿ. ಮಕ್ಕಳಿಗೆ ಇರೋದನ್ನೇ ತೋರಿಸ್ಬೇಕು."

ನಾನು ಹಿಮ ಬಳಿಯಲು ಇಟ್ಟುಕೊಂಡ ಅಚ್ಚು ಊಟದ ತಟ್ಟೆಯಗಲ. ಚಿತ್ರದ ಬಿಳುಪು ಸಾಸರಿನಷ್ಟು, ಅದೂ ಒಂದು ಪಕ್ಕಕ್ಕೆ ವಾಲಿದ್ದು.

"ಇಷ್ಟು ಚೋಟು ಟೋಪಿ ಹಾಕಿದ್ರೆ ಭೂಮಿಗೆ ನೆಗಡಿ ಆಗುತ್ತೆ ಕಣಮ್ಮ," ಎಂದಳು ಅಕ್ಕ. "ಹಳೇದೇ ಇರ್ಲಿ."

"ಆಗಿರೋದು ಜ್ವರ ಅಕ್ಕಾ, ನೆಗಡಿ ಅಲ್ಲ," ಎಂದರು ಟೀಚರು.

ನನಗೆ ನಗು ತಡೆಯಲಾಗಲಿಲ್ಲ. "ಇವಳ ಚಿಂತೆ ಭೂಮೀದಲ್ಲ ಟೀಚರೇ. ಹಿಮ ಕರಗಿದ್ರೆ ಇವಳ ಬಂಡವಾಳ ಬಯಲಾಗುತ್ತೆ!"

"ಮುಚ್ಚೋ ಬಾಯಿ! ಬಿಳಿ ಬಳಿಯೋದೂ ಒಂದು ವಿದ್ಯೆ ಅಂತ ಮೆರೀತಾನೆ."

ಟೀಚರು ಬಾಗಿ ನೆತ್ತಿಯನ್ನು ನೋಡಿದರು. ನಗಲಿಲ್ಲ. ಮೆಲ್ಲಗೆ, "ಹೋಗ್ಲಿ ಬಿಡಿ, ಹಳೇ ಅಳತೇನೇ ಹಾಕಿ" ಎಂದರು.

ಆ ಕರುಣೆ ಅಕ್ಕನಿಗೆ ಮುಳ್ಳಿನಂತೆ ಚುಚ್ಚಿತು. "ಏನು, ನನ್ನ ಸೊಟ್ಟು ಮುಚ್ಚೋಕೆ ನೀನು ಮಕ್ಕಳಿಗೆ ಸುಳ್ಳು ಹೇಳ್ತೀಯಾ? ಕೂತ್ಕೋ ಅಲ್ಲಿ!"

ಒದ್ದೆ ಬಟ್ಟೆಯಿಂದ ತುದಿಗಳನ್ನು ನೆನೆಸಿ ಬಿಡಿಸಿದಳು. ಕತ್ತರಿಯಿಂದ ಒಂದೊಂದನ್ನೂ ಸವರಿ, ಬದುಕಿನಲ್ಲಿ ಮೊದಲ ಬಾರಿಗೆ ನೆತ್ತಿಯಿಂದ ಕೆಳಕ್ಕೆ ಅಂಟಿಸತೊಡಗಿದಳು. ಎರಡು ಎಸಳುಗಳು ಹಟ ಹಿಡಿದವು. ಬೈದು ಮತ್ತೆ ಕಿತ್ತಳು. ನಾಲಿಗೆಯ ತುದಿ ಹೊರಗೆ, ಕನ್ನಡಕ ಮೂಗಿನ ಕೊನೆಗೆ. ಕಡೆಗೆ ಅವು ಸೂಜಿಯ ಮೊನೆಯಷ್ಟು ಜಾಗದಲ್ಲಿ ಜಗಳವಿಲ್ಲದೆ ಕೂಡಿಕೊಂಡವು.

"ಬಳಿಯೋ ಈಗ, ಎಷ್ಟು ಬೇಕಾದ್ರೂ ಚಿಕ್ಕದಾಗಿ!"

ಬಳಿದೆ. ಬಿಳಿಯ ಡಬ್ಬಿ ಹೆಚ್ಚುಕಡಿಮೆ ತುಂಬಿಯೇ ಉಳಿಯಿತು. ನೀಲಿಯದು ತಳ ಕಂಡಿತು. ಬಿಳುಪಿಗೆ ಒಗ್ಗಿದ ಕೈ ಒಂದು ಕ್ಷಣ ಗಾಳಿಯಲ್ಲೇ ಸುಳಿದಾಡಿತು.

ಬಣ್ಣ ಒಣಗುವವರೆಗೂ ಅಕ್ಕ ಗೋಳವನ್ನು ತಿರುಗಿಸಿ ತಿರುಗಿಸಿ ನೋಡಿಯೇ ನೋಡಿದಳು, ಹೊಸ ಸೊಸೆಯನ್ನು ನೋಡುವಂತೆ.

"ಯಾರಾದ್ರೂ ಬಂದ್ರೆ ಮೊದಲು ನೆತ್ತಿ ತೋರ್ಸು," ಎಂದಳು. "ಹಿಮ ಇಷ್ಟೇ ಯಾಕೆ ಅಂತ ಆಮೇಲೆ ಹೇಳುವಿಯಂತೆ."

"ಹಾಗೇ ಆಗ್ಲಿ ಅಕ್ಕಾ!" ಟೀಚರು ನಗುತ್ತ, ಗೋಳವನ್ನು ಮಗುವಿನಂತೆ ಅಪ್ಪಿಕೊಂಡು, ಅಡ್ಡಡ್ಡಲಾಗಿ ಹೊಸ್ತಿಲು ದಾಟಿದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.