ಅನುಮಾನದ ಮೊಟ್ಟೆಗಳು

ನಾನು ಒಂದು ಥರ್ಮಾಕೋಲ್ ಪೆಟ್ಟಿಗೆ. ಸಾಸಿವೆಯಷ್ಟು ಸಣ್ಣ ಪ್ಲಾಸ್ಟಿಕ್ ಕಾಳುಗಳನ್ನು ಬಿಸಿ ಹಬೆಯಲ್ಲಿ ಉಬ್ಬಿಸಿ, ಅಚ್ಚಿಗೆ ಹಾಕಿ ನನ್ನನ್ನು ಮಾಡಿದರು. ಹುಟ್ಟಿದ್ದು ಬಿಸಿಯಲ್ಲಾದರೂ ಮೊದಲು ದುಡಿದದ್ದು ಮಂಜುಗಡ್ಡೆಯ ಜೊತೆ. ಮಲ್ಪೆ ಬಂದರಿನಲ್ಲಿ ಮೀನು ಮಾರುತ್ತಿದ್ದ ಕಲ್ಯಾಣಿ ನನ್ನೊಳಗೆ ಬಂಗುಡೆ ತುಂಬಿಸಿ, ಮುಚ್ಚಳದ ಮೇಲೆಯೇ ಕೂತು ಗಿರಾಕಿಗಳೊಂದಿಗೆ ಜಗಳವಾಡುತ್ತಿದ್ದಳು. ಒಮ್ಮೆ ಒಂದು ಮೃಗಾಲಯದ ನೀರುನಾಯಿಗಳಿಗೆಂದು ಮೀನು ಹಾಕಿ ನನ್ನನ್ನು ಕಳಿಸಿದಳು. ವಾಪಸ್ ಕೇಳಲು ಮರೆತೇಬಿಟ್ಟಳು.

ಅಲ್ಲಿ ಹಾವುಗಳನ್ನು ನೋಡಿಕೊಳ್ಳುವ ಐತಪ್ಪ ನನ್ನನ್ನು ಸೋಪು ಹಾಕಿ ತಿಕ್ಕಿದ. ಎಷ್ಟು ತಿಕ್ಕಿದರೂ ಮೀನಿನ ವಾಸನೆ ಪೂರ್ತಿ ಹೋಗಲಿಲ್ಲ. ಮೃಗಾಲಯದ ಪಶುವೈದ್ಯೆ ವಿಲಾಸಿನಿ ಮೂಗು ಮುಚ್ಚಿಕೊಂಡೇ, "ಪರವಾಗಿಲ್ಲ, ಇದೇ ಆಗ್ತದೆ," ಎಂದರು. ಬೇರೆ ದಾರಿ ಇರಲಿಲ್ಲ. ಕಾವು ಕೊಡುವ ಯಂತ್ರ ಕೆಟ್ಟಿತ್ತು, ರಿಪೇರಿಯವನು ಬರಲೇ ಇಲ್ಲ. ಅಷ್ಟರಲ್ಲಿ ವಯಸ್ಸಾದ ಹೆಬ್ಬಾವೊಂದು ಮೊಟ್ಟೆ ಇಟ್ಟು, ಕಾವಿಗೆ ಕೂರದೆ ಸರಿದು ಹೋಗಿತ್ತು. ಅದು ಇನ್ನೊಮ್ಮೆ ಮೊಟ್ಟೆ ಇಡುವ ಭರವಸೆ ಯಾರಿಗೂ ಇರಲಿಲ್ಲ.

ನನ್ನ ತಳಕ್ಕೆ ನೀರು ಹಾಕಿ, ಅದರಲ್ಲಿ ಮೀನಿನ ತೊಟ್ಟಿಯ ಹೀಟರ್ ಮುಳುಗಿಸಿದರು. ಮೇಲೊಂದು ತಟ್ಟೆ, ತಟ್ಟೆಯಲ್ಲಿ ಒದ್ದೆ ಮಾಡಿದ ತೆಂಗಿನ ನಾರಿನ ಪುಡಿ, ಅದರ ಮೇಲೆ ಮೊಟ್ಟೆಗಳು. ಕೆಲವು ಬೆಳ್ಳಗೆ, ತುಂಬಿಕೊಂಡು ಚಂದವಾಗಿದ್ದವು. ಮಿಕ್ಕವನ್ನು ನೋಡಿ ವಿಲಾಸಿನಿ ಹಣೆ ಚಚ್ಚಿಕೊಂಡರು. ಒಂದು ಬದನೆಕಾಯಿಯಂತೆ ಉದ್ದ. ಒಂದಕ್ಕೆ ಹಳದಿ ಬಣ್ಣ, ಮೈಯೆಲ್ಲ ಮೇಣ ಮೆತ್ತಿದ ಹಾಗೆ. ಒಂದರ ಹೊಟ್ಟೆ ಒಳಕ್ಕೆ ಹೋಗಿತ್ತು. ಇನ್ನೊಂದು ಪೂರ್ತಿ ಸೊಟ್ಟ.

ಹಾವಿನ ಮೊಟ್ಟೆಯನ್ನು ಮಗುಚಿದರೆ ಒಳಗಿನ ಜೀವ ಸಾಯಬಹುದು. ಅದಕ್ಕೆ ಅವರು ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನಿಂದ ಚುಕ್ಕೆ ಇಟ್ಟರು. ಕಿಟಕಿಗೆ ಗೋಣಿ ಕಟ್ಟಿಸಿ, ಕತ್ತಲು ಮಾಡಿ, ಬದಿಯಿಂದ ಟಾರ್ಚ್ ಹಿಡಿದರು. ಚಂದದವುಗಳಲ್ಲಿ ಜೀವದ ಗುರುತಾದ ಕೆಂಪು ನರಗಳು ಕಂಡವು. ವಿಚಿತ್ರದವುಗಳಲ್ಲಿ ಬರೀ ಮಂಕು ಬೆಳಕು.

"ಇದು ಹಾಳಾದದ್ದೇ ಮೇಡಂ. ತೆಗೆದುಬಿಡಿ, ಬೂಸು ಬಂದರೆ ಒಳ್ಳೇದಕ್ಕೂ ಹಿಡೀತದೆ," ಎಂದ ಐತಪ್ಪ, ಹಳದಿಯದನ್ನು ತೋರಿಸಿ.

"ಸಿಪ್ಪೆ ದಪ್ಪ ಇದ್ರೂ ಹೀಗೇ ಕಾಣ್ತದೆ ಐತಪ್ಪಣ್ಣ. ಸ್ವಲ್ಪ ಕಾಯುವ."

ಚೆನ್ನೈಯ ಪರಿಣತರೊಬ್ಬರಿಗೆ ಫೋಟೋ ಕಳಿಸಿದರು. ಜೀವ ಇರಲೂಬಹುದು, ಇಲ್ಲದಿರಲೂಬಹುದು ಎಂಬ ಉತ್ತರ ಬಂತು. "ಇದನ್ನು ಹೇಳ್ಲಿಕ್ಕೆ ಇವರು ಬೇಕಿತ್ತಾ?" ಎಂದು ವಿಲಾಸಿನಿ ಫೋನನ್ನು ನನ್ನ ಮುಚ್ಚಳದ ಮೇಲೆ ಕುಕ್ಕಿದರು.

ಹಳದಿಯದಕ್ಕೆ ಹತ್ತಿಯಂಥ ಬೂಸು ಬಂದೇಬಿಟ್ಟಿತು. ಒರೆಸಿದರೂ ಮರುದಿನ ಮತ್ತೆ ಹಾಜರು. ಪಕ್ಕದ ಒಳ್ಳೆಯ ಮೊಟ್ಟೆಯ ಕಡೆಗೆ ಅದು ಹಬ್ಬತೊಡಗಿದಾಗ ವಿಲಾಸಿನಿ ಮನಸ್ಸು ಗಟ್ಟಿ ಮಾಡಿ ಹಳದಿ ಮೊಟ್ಟೆಯನ್ನು ಹೊರತೆಗೆದು ಕತ್ತರಿಸಿದರು. ಒಳಗೆ ಹುರಿದಾರದಷ್ಟು ತೆಳ್ಳಗಿನ ಮರಿ ಸುರುಳಿ ಸುತ್ತಿತ್ತು. ಎದೆಯ ಹತ್ತಿರ ಕೆಂಪಾದದ್ದೇನೋ ಮಿಡಿಯಿತು. ಇನ್ನೊಮ್ಮೆ ಮಿಡಿದು ನಿಂತುಹೋಯಿತು.

"ಜೀವ ಇತ್ತಲ್ಲ," ಎಂದರು ವಿಲಾಸಿನಿ. ಕೈಯಲ್ಲಿ ಕತ್ತರಿ ಹಾಗೇ ಇತ್ತು.

"ತೆಗೀರಿ ಅಂತ ಹೇಳಿದ್ದು ನಾನಲ್ವಾ," ಎಂದು ಐತಪ್ಪ ಬಾಗಿಲ ಕಡೆ ತಿರುಗಿದ.

ಆ ದಿನದಿಂದ ವಿಲಾಸಿನಿಗೆ ಕೈಯೇ ಏಳದು. ಏನನ್ನೂ ತೆಗೆಯಲೊಲ್ಲರು. ಹೊಟ್ಟೆ ಒಳಕ್ಕೆ ಹೋದದ್ದಕ್ಕೆ ನೀರು ಸಾಲದೇನೋ ಎಂದು ಪುಡಿಗೆ ನೀರು ಚಿಮುಕಿಸಿದರು. ಅದರ ಹೊಟ್ಟೆ ಹಾಗೇ ಉಳಿಯಿತು. ತೇವ ಹೆಚ್ಚಾಗಿ ಚಂದದ ಮೊಟ್ಟೆಗಳಲ್ಲೇ ಕೆಲವು ಬಾತು, ಕಪ್ಪಾಗಿ ನಾರತೊಡಗಿದವು. ನನ್ನ ಹಳೆಯ ಮೀನಿನ ವಾಸನೆ ಆ ನಾತದ ಮುಂದೆ ಏನೂ ಅಲ್ಲ.

"ತೆಗೆದರೂ ತಪ್ಪು, ಬಿಟ್ಟರೂ ತಪ್ಪು! ಎಂತ ಮಾಡುದು ಮಾರಾಯ್ರೆ?" ವಿಲಾಸಿನಿ ಕೂಗಿದ್ದು ನನ್ನ ಗೋಡೆಗಳಿಗೆ ತಾಗಿತು. ಐತಪ್ಪ ಒಣ ಪುಡಿ ತಂದು ಸುರಿದ.

ಕೊನೆಗೆ ಮೊಟ್ಟೆಯೊಡೆದು ಬಂದದ್ದು ಕೆಲವೇ ಮರಿಗಳು. ಬದನೆಕಾಯಿಯಂತಿದ್ದುದನ್ನು ಎಲ್ಲಕ್ಕಿಂತ ಮೊದಲು ಸೀಳಿಕೊಂಡು ಒಂದು ಪುಟ್ಟ ಮೂತಿ ಹೊರಬಂತು. ಐತಪ್ಪ ನಕ್ಕ. ವಿಲಾಸಿನಿ ನಗಲಿಲ್ಲ, ಅವರ ಕಣ್ಣು ಸೊಟ್ಟ ಮೊಟ್ಟೆಯ ಮೇಲೇ ಇತ್ತು. ಮರಿಗಳನ್ನೆಲ್ಲ ಬೇರೆ ಗೂಡಿಗೆ ಸಾಗಿಸಿ ಎಷ್ಟೋ ದಿನವಾದ ಮೇಲೂ ಅದೊಂದಕ್ಕಾಗಿ ಹೀಟರ್ ಉರಿಯುತ್ತಿತ್ತು. ಕಡೆಗೆ ಕತ್ತರಿಸಿ ನೋಡಿದರೆ ಬರೀ ಗಟ್ಟಿಯಾದ ಹಳದಿ ತಿರುಳು. ಅದರಲ್ಲಿ ಜೀವ ಎಂಬುದು ಮೊದಲಿನಿಂದಲೂ ಇರಲಿಲ್ಲ.

"ಇಷ್ಟು ದಿನ ಇದಕ್ಕೆ ಕಾವಲು ಕೂತೆನಾ ನಾನು!" ಎಂದು ಅವರು ಅದನ್ನು ಬಕೆಟ್ಟಿಗೆ ಎಸೆದರು.

ಅವರ ಮೇಲೆ ನನಗೆ ಬೇಸರವಿಲ್ಲ. ಆ ಮೊಟ್ಟೆಗಳು ಹಗಲಿರುಳು ಇದ್ದದ್ದು ನನ್ನ ಹೊಟ್ಟೆಯಲ್ಲಿ. ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ನನಗೂ ತಿಳಿಯಲಿಲ್ಲ. ಎಲ್ಲಕ್ಕೂ ಒಂದೇ ಬಿಸಿ ಕೊಡುವುದಷ್ಟೇ ನನಗೆ ಗೊತ್ತಿದ್ದ ಕೆಲಸ.

ಈಗ ಗಾಜಿನ ಬಾಗಿಲಿನ ಹೊಸ ಯಂತ್ರ ಬಂದಿದೆ. ನನ್ನ ಒಂದು ಮೂಲೆ ಉದುರಿದೆ, ಮುಚ್ಚಳಕ್ಕೆ ಟೇಪು ಸುತ್ತಿದ್ದಾರೆ. ಸಾಮಾನು ಕೋಣೆಯ ಬೆಂಚಿನ ಕೆಳಗೆ ಬಿದ್ದಿದ್ದೆ. ಗುಜರಿಗೆ ಹೋಗುವ ದಿನ ಬಂತೆಂದುಕೊಂಡಿದ್ದೆ. ಮೊನ್ನೆ ವಿಲಾಸಿನಿ ನನ್ನನ್ನು ಹೊರಗೆಳೆದರು. ಇನ್ನೊಂದು ಹೆಬ್ಬಾವಿನ ಮೊಟ್ಟೆಗಳು ಬಂದಿದ್ದವು. ಚಂದದವು ಯಂತ್ರದೊಳಗೆ ಹೋದವು. ಉಬ್ಬುತಗ್ಗಿನ, ಕಲೆ ಬಿದ್ದ ಒಂದನ್ನು ಟಾರ್ಚಿಗೆ ಹಿಡಿದರು. ಮತ್ತದೇ ಮಂಕು ಬೆಳಕು.

"ಎಂತ ಹೇಳ್ತೀರಿ?" ಐತಪ್ಪ ಕೇಳಿದ.

"ಗೊತ್ತಿಲ್ಲ," ಎಂದರು ವಿಲಾಸಿನಿ ಸಿಡುಕಿನಿಂದ. ಆಮೇಲೆ ಅದನ್ನು ಮಗುಚದೆ, ಮೆಲ್ಲಗೆ, ಒಂಟಿಯಾಗಿ ನನ್ನೊಳಗಿಟ್ಟು ಹೀಟರಿನ ಸ್ವಿಚ್ ಹಾಕಿದರು.