ಬಲ ಎತ್ತಿನ ಕಡೆಯ ಗೆಂಡೆ

ಮೀನು ಹಿಡಿಯಲು ಹೊರಟ ಮಹಾಂತಮ್ಮ ಮೀನಮೇಷ ಎಣಿಸಲಿಲ್ಲ. ಎಣಿಸಿದ್ದೆಲ್ಲ ಮನೆಯವರು. ಮಾನ್ವಿಯಲ್ಲಿ ರೈಸ್ ಮಿಲ್ಲು ಇಟ್ಟುಕೊಂಡ ಮನೆ. ಬೆಳಗಾದರೆ ಲಿಂಗಪೂಜೆ, ಅಡುಗೆಮನೆಯಲ್ಲಿ ಮೊಟ್ಟೆಯ ಮಾತೂ ಬೇಯುವುದಿಲ್ಲ. ಅಂಥ ಮನೆಯ ಹಿರಿಯ ಸೊಸೆ, ಐವತ್ತು ದಾಟಿದವಳು, ಒಬ್ಬಳೇ ಹೋಗಿ ಹೊಳೆಯಲ್ಲಿ ಗಾಳ ಹಾಕುವುದೆಂದರೆ?

"ತಿನ್ನಾಕಲ್ಲ. ಹಿಡದು ಬಿಡಾಕ," ಎಂದಳು.

"ಬಿಡೋದಾದ್ರ ಹಿಡಿಯೋದು ಯಾಕಬೇ ಅಕ್ಕ?" ಎಂದು ನೆಗೆಣ್ಣಿ ಕೇಳಿದಳು.

"ನೀ ದಿನಾ ಟೀವಿ ಹಚ್ಚಿ ಮತ್ತ ಬಂದ್ ಮಾಡ್ತಿ. ಯಾಕಂತ ನಾ ಕೇಳೀನೇನು?"

ಮಾತಿನಲ್ಲಿ ಮಹಾಂತಮ್ಮನನ್ನು ಗೆಲ್ಲುವುದು ಕಷ್ಟ. ಮಾತಷ್ಟೇ ಅಲ್ಲ, ದನಿಯೂ ಅವಳ ಕೈಯಾಳು. ಬಸ್ಸಿನ ಕಂಡಕ್ಟರು, ಮಠದ ಅಯ್ಯನವರು, ಭತ್ತದ ದಲ್ಲಾಳಿ, ಎಲ್ಲರ ದನಿಯನ್ನೂ ಗಂಟಲಲ್ಲಿ ಸಾಕಿಕೊಂಡಿದ್ದಳು. ಆದರೆ ಈ ಹೊಳೆಯ ಸುದ್ದಿ ತಮಾಷೆಯದಾಗಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಿಲ್ಲು ನಡೆಸಿದವಳು ಅವಳೇ. ಪೇಟೆಯ ಬಾಯಲ್ಲಿ ಮಾತ್ರ ಅದು "ಚನ್ನವೀರನ ಮಿಲ್ಲು". ಚನ್ನವೀರ ಮೈದುನನ ಮಗ. ಒಳ್ಳೆಯ ಹುಡುಗ, ಆ ಒಳ್ಳೆಯತನದ್ದೇ ಕಾಟ. ಹೊಸ ಪಾಲಿಶ್ ಮೆಷಿನ್ ಬಂದ ದಿನ ಅವಳು ಬಟನ್ ಒತ್ತಲು ಕೈ ಚಾಚಿದರೆ, "ಶಾಕ್ ಹೊಡದೀತು ದೊಡ್ಡವ್ವ" ಎಂದು ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದ್ದ. ಗೋಡೆಗೆ ತೂಗುಹಾಕಿದ ಫೋಟೋದಲ್ಲಿ ಕಾಣುವುದು ಅವನ ಬೆರಳೇ. ಅಂದಿನಿಂದ ಅವಳಿಗೊಂದು ಹಟ ಹಿಡಿದಿತ್ತು: ಮೇಲೆ ಯಾರ ಬೆರಳೂ ಇಲ್ಲದೆ, ಒಂದೇ ಒಂದು ಕೆಲಸ ಶುರುವಿನಿಂದ ಕೊನೆತನಕ ತನ್ನ ಕೈಯಿಂದಲೇ ಆಗಬೇಕು.

ಅಷ್ಟರಲ್ಲಿ ಫೋನಿನಲ್ಲಿ ಒಂದು ವೀಡಿಯೋ ಬಂತು. ಎಲ್ಲಿಯದೋ ಸಮುದ್ರ, ಮೊಣಕಾಲುದ್ದ ಉಪ್ಪುನೀರು, ಅದರ ನಡುವೆ ಒಬ್ಬ ಹೆಂಗಸು ಕಣ್ಣಿಗೆ ಕಂಡ ಮೀನಿನತ್ತಲೇ ಗಾಳ ಬೀಸಿ ಹಿಡಿದು, ಮುದ್ದಿಸಿ, ಬಿಟ್ಟುಬಿಟ್ಟಳು. ಮಹಾಂತಮ್ಮ ಅದನ್ನು ತಿರುತಿರುಗಿ ನೋಡಿದಳು. ರಾಯಚೂರು ಸೀಮೆಗೆ ಸಮುದ್ರ ಎಲ್ಲಿಂದ ತರುವುದು? ಇರಲಿ, ಬೇಸಿಗೆಯಲ್ಲಿ ಬಂಡೆಗಳ ಮೇಲೆ ಸೆರಗಿನಂತೆ ತೆಳ್ಳಗೆ ಹಾಸಿಕೊಳ್ಳುವ ಕೃಷ್ಣೆ ಇದ್ದಾಳಲ್ಲ!

ಹೊಳೆ ತೋರಿಸುವವನನ್ನು ಗೊತ್ತುಮಾಡಿದವನು ಚನ್ನವೀರನೇ. ದೇವದುರ್ಗದ ಕಡೆಯ ಹುಸೇನಪ್ಪ, ಹರಿಗೋಲು ಹಾಕುವವನು. ಈಚೆಗೆ ರಾಯಚೂರಿನ ಸಾಹೇಬರನ್ನು ಮೀನು ಹಿಡಿಸಲು ಕರೆದೊಯ್ಯುತ್ತಿದ್ದ.

ಸಿರವಾರದ ಮೇಲಿಂದ ಬಸ್ಸು, ದೇವದುರ್ಗದಿಂದ ಟಂಟಂ ಆಟೋ. ಮಹಾಂತಮ್ಮ ಹೊಳೆಯ ದಂಡೆಗಿಳಿದಾಗ ಕೈಯಲ್ಲಿ ಬುತ್ತಿಯ ಗಂಟು, ಕಂಕುಳಲ್ಲಿ ಒಂದು ಡಬ್ಬಿ.

"ಬರ್ರಿ ಅಮ್ಮಾರ," ಎಂದ ಹುಸೇನಪ್ಪ. "ಎರಿಹುಳ ತಂದೀನಿ."

"ಹುಳ ನಾ ಮುಟ್ಟಂಗಿಲ್ಲ. ಇದು ನಮ್ಮ ಮಿಲ್ಲಿನ ತೌಡು. ಶೇಂಗಾ ಹಿಂಡಿ ಕಲಸಿ, ಚೂರು ಇಂಗು ಹಾಕಿ ನಾದೀನಿ."

ಹುಸೇನಪ್ಪ ಡಬ್ಬಿಯನ್ನು ಮೂಸಿದ. "ಆಹಾ! ಮೀನು ಗಾಳಕ್ಕ ಬರ್ತಾವೋ ಮದುವಿ ಊಟಕ್ಕ ಬರ್ತಾವೋ?"

ಹರಿಗೋಲು ಒಂದು ಮಡುವಿನಲ್ಲಿ ನಿಂತಿತು. ಗಾಳ ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಹುಸೇನಪ್ಪ, "ಅಗೋ ಆ ಕಡಿ ನೋಡ್ರಿ, ಬೆಳ್ಳಕ್ಕಿ!" ಎಂದ. ಅವಳು ನೋಡಿದಳು. ಬೆನ್ನ ಹಿಂದೆ ನೀರು ಬುಳಕ್ಕೆಂದಿತು. ತಿರುಗುವಷ್ಟರಲ್ಲಿ ಅವನು ಕೋಲನ್ನು ಅವಳ ಕೈಗೆ ತುರುಕಿದ. "ಎಳೀರಿ, ಬಿತ್ತು ಬಿತ್ತು!"

ಎಳೆದಳು. ಮೊಳದುದ್ದದ ಮೀನು ಸುಮ್ಮನೆ ಮೇಲೆ ಬಂತು. ಹುಸೇನಪ್ಪ ಫೋಟೋ ಹೊಡೆದು, ಅಲ್ಲೇ ಎಲ್ಲಿಗೋ ಕಳಿಸಿಯೂ ಬಿಟ್ಟ.

ಮಹಾಂತಮ್ಮನ ಮುಖ ಅರಳಿತು. ಆದರೆ ಕೈ ಅರಳಲಿಲ್ಲ. ಚೀಲದೊಳಗೆ ತೂರಿಸಿದರೆ ಭತ್ತ ಹಸಿಯೋ ಒಣಗಿದ್ದೋ ಹೇಳುವ ಕೈ ಅದು. ಮೀನನ್ನು ಹೊರಳಿಸಿ ನೋಡಿದಳು. ಕಿವಿರಿನ ಸಂದಿಯಲ್ಲಿ ಕೆಂಪು ದಾರದ ತುಂಡು.

"ಹುಸೇನಪ್ಪ, ಮದುವಿ ಅಂದ್ರಿ. ಮೀನಿಗೆ ಕಂಕಣಾನೂ ಕಟ್ಟೀರಿ?"

ಹುಸೇನಪ್ಪ ಆಕಾಶ ನೋಡಿದ.

ಅವಳು ಗಂಟಲು ಸರಿಮಾಡಿಕೊಂಡು, ಕಣ್ಣು ಕಿರಿದು ಮಾಡಿ, ಅಚ್ಚು ಚನ್ನವೀರನ ದನಿಯಲ್ಲಿ ಶುರುಮಾಡಿದಳು: "ಹಲೋ, ಹುಸೇನಪ್ಪ ಕಾಕಾ, ಏನಿಲ್ರಿ, ಹೆಂಗರ ಮಾಡಿ ನಮ್ಮ ದೊಡ್ಡವ್ವಗ ಒಂದು ಮೀನು ಸಿಗಂಗ ಮಾಡ್ರಿ, ಪಾಪ..."

"ಯವ್ವಾ! 'ಪಾಪ' ಸೈತ ಹಂಗಽ ಅಂದ್ರಲ್ರೀ!" ಎಂದು ಹುಸೇನಪ್ಪ ನಕ್ಕುಬಿಟ್ಟ. ನಕ್ಕ ಮೇಲೆ ಸಿಕ್ಕಿಬಿದ್ದದ್ದು ತಿಳಿಯಿತು. "ಏನ್ ಮಾಡ್ಲಿರಿ? ಎಲ್ಲಾರಿಗೂ ಹಂಗಽ ಮಾಡೋದು. ಒಂದೆರಡು ಮೀನು ಕಟ್ಟಿ ನೀರಾಗ ಬಿಟ್ಟಿರ್ತೀನಿ. ಬಂದೋರು ಫೋಟೋ ಬೇಕಂತಾರ. ಮೀನು ಬೇಕಂತ ಇಲ್ಲಿತನಕ ಯಾರೂ ಅಂದಿಲ್ಲ."

"ನಾ ಅನ್ನಾಕತ್ತೀನಲ್ಲ. ಗಾಳ ಕಟ್ಟಾಕಿ ನಾನು, ಒಗಿಯಾಕಿ ನಾನು, ಎಳಿಯಾಕಿ ನಾನು. ನೀವು ಬರೇ ಎಲ್ಲಿ ಅದ ಅಂತ ಹೇಳ್ರಿ. ಕೈ ಹಚ್ಚಿದ್ರ ಆ ಮೀನು ಲೆಕ್ಕಕ್ಕಿಲ್ಲ."

ದಾರ ಹರಿದು, ಕಟ್ಟಿಟ್ಟಿದ್ದ ಮೀನನ್ನು ನೀರಿಗೆ ಬಿಟ್ಟಳು. ಹುಸೇನಪ್ಪ ತಲೆ ಕೆರೆದುಕೊಂಡ. ಆಮೇಲೆ ಯಾಕೋ ಹುರುಪು ಬಂದವನಂತೆ ಹರಿಗೋಲನ್ನು ದಂಡೆಗೆಳೆದ. "ಹಂಗಾದ್ರ ಮಡು ಬ್ಯಾಡ. ತೆಳುನೀರಿಗೆ ನಡೀರಿ."

ಅಲ್ಲಿ ನೀರು ಮೀನಖಂಡಕ್ಕಷ್ಟೇ. ಕೆಳಗೆ ಉಸುಕು, ಬಂಡೆ, ಪಾಚಿ. ಮಹಾಂತಮ್ಮ ಸೀರೆ ಎತ್ತಿಕಟ್ಟಿ ನಿಂತಳು. ಹುಸೇನಪ್ಪ ಹಿಂದೆ ನಿಂತು ಪಿಸುಗುಟ್ಟಿದ: "ಮೀನು ಉಸುಕು ಕೆದರಾಕತ್ತದ, ಬಾಲ ಎದ್ದದ ನೋಡ್ರಿ. ಎಡ ಎತ್ತಿನ ಕಡಿ."

"ಇಲ್ಲಿ ಎತ್ತು ಎಲ್ಲದಪ್ಪ?"

ಹೊಳೆಗೆ ಬರುವ ಮೊದಲು ಹುಸೇನಪ್ಪ ಪರರ ಹೊಲದಲ್ಲಿ ನೇಗಿಲು ಹೊಡೆದವನು. ಅವನ ಲೆಕ್ಕದಲ್ಲಿ ಮನುಷ್ಯನ ಮುಂದೆ ಯಾವಾಗಲೂ ಎರಡು ಎತ್ತು ನಡೆಯುತ್ತಿರುತ್ತವೆ. ನೇರ ಮುಂದೆ ಅಂದರೆ ನೊಗ. ಸ್ವಲ್ಪ ಬಲಕ್ಕೆ ಅಂದರೆ ಬಲ ಎತ್ತಿನ ಕೊಂಬು. ತೀರಾ ಪಕ್ಕಕ್ಕೆ ಅಂದರೆ ಅದರ ಬಾಲ. ಮಹಾಂತಮ್ಮ ಎತ್ತು ಹೂಡಿಕೊಳ್ಳುವಷ್ಟರಲ್ಲಿ ಮೀನು ಹೋಯಿತು.

ಎರಡನೆಯದರ ಮೇಲೆ ಅವಳ ನೆರಳು ಬಿತ್ತು, ಅದೂ ಹೋಯಿತು. ಮೂರನೆಯ ಸಲ ಗಾಳ ಅವಳ ಸೆರಗನ್ನೇ ಹಿಡಿಯಿತು. ಬಿಡಿಸಲು ಹುಸೇನಪ್ಪ ಮುಂದೆ ಬಂದ.

"ಕೈ!" ಎಂದಳು.

ಅವನು ಬೈಸಿಕೊಂಡ ಸಾಲಿಹುಡುಗನಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ.

ಬಂಡೆಯ ಮೇಲೆ ಕೂತು ಇಬ್ಬರೂ ರೊಟ್ಟಿ, ಪುಂಡಿಪಲ್ಯ ತಿಂದರು. ಬಿಸಿಲು ಇಳಿಯಿತು. ತೌಡು ತಳ ಕಂಡಿತು. "ಇವತ್ತು ಬ್ಯಾಡ ಬಿಡ್ರಿ ಅಮ್ಮಾರ," ಎನ್ನಲು ಬಾಯಿ ತೆರೆದ ಹುಸೇನಪ್ಪ, ಆ ತೆರೆದ ಬಾಯಿಂದ ಬೇರೆಯದನ್ನೇ ಹೇಳಿದ: "ಬಲ ಎತ್ತು. ಕೊಂಬಿಗೆ. ದೊಡ್ಡದು."

ಈ ಸಲ ಅವಳ ಎತ್ತುಗಳು ಹೂಡಿ ತಯಾರಿದ್ದವು. ಬಲಗೊಂಬಿನ ನೇರಕ್ಕೆ ತೌಡಿನ ಉಂಡೆ ಸದ್ದಿಲ್ಲದೆ ಬಿತ್ತು. ಕೆಂಪು ಬಾಲವೊಂದು ನೀರಿನ ಮೇಲೆ ತೂಗಿತು, ನಿಂತಿತು, ತಿರುಗಿತು. ಮುಂದಿನ ಗಳಿಗೆಗೆ ದಾರ ಅವಳ ಹೆಬ್ಬೆರಳನ್ನು ಸೀಳಿಕೊಂಡು ಓಡಿತು.

"ಬಂಡೆಗಲ್ಲಿನ ಕಡಿ ಹೊಂಟದ! ಬಿಡ್ರಿ, ದಾರ ಬಿಡ್ರಿ! ಈಗ ಸುತ್ರಿ! ಯವ್ವಾ, ಬಿಡಬ್ಯಾಡ್ರಿ!" ಕಟ್ಟಿದ ಕೈ ಕಟ್ಟಿದಂತೆಯೇ ಹುಸೇನಪ್ಪ ನೀರಿನಲ್ಲಿ ಕುಣಿಯುತ್ತಿದ್ದ. ಅವಳು ಬಿಟ್ಟಳು, ಸುತ್ತಿದಳು, ಜಾರಿ ಒಂದು ಮೊಣಕಾಲೂರಿದಳು, ಎದ್ದಳು. ಕೋಲು ಮಾತ್ರ ಅವಳದೇ ಕೈಯಲ್ಲಿತ್ತು.

ಕೊನೆಗೆ ಗೆಂಡೆ ಮೀನು ಅವಳ ಕಾಲ ಬಳಿ ಮಗ್ಗುಲಾಗಿ ಮಲಗಿತು. ಎರಡೂ ಕೈಯಿಂದ ಎತ್ತಿದಳು. ತಂಪು, ಗಟ್ಟಿ, ಸಿಟ್ಟು ತುಂಬಿದ ಜೀವ. ಬಾಯಂಚಿನಲ್ಲಿ ಅವಳ ಮಿಲ್ಲಿನ ತೌಡು ಇನ್ನೂ ಅಂಟಿತ್ತು. ಗಾಳ ಬಿಡಿಸಿ, ತಲೆಯನ್ನು ಹರಿವಿಗೆದುರಾಗಿ ನೀರಲ್ಲಿ ಹಿಡಿದಳು. ಅದು ಬಾಲದಿಂದ ಅವಳ ಮುಖಕ್ಕೊಂದು ರಪ್ಪೆಂದು ನೀರು ಬಾರಿಸಿ ಹೊರಟುಹೋಯಿತು.

"ಫೋಟೋ!" ಎಂದು ಹುಸೇನಪ್ಪ ಚೀರಿದ. ಫೋನು ದೂರದ ಹರಿಗೋಲಿನಲ್ಲಿತ್ತು. "ಕೈ ಹಿಂದ ಕಟ್ಟಿಸಿದಾಕಿ ನೀವಽ ಅಲ್ರಿ!"

ಮಹಾಂತಮ್ಮ ಮುಖ ಒರೆಸಿಕೊಳ್ಳದೆ ನಕ್ಕಳು.

ಸಂಜೆ ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಚನ್ನವೀರ ಫೋನು ಹಿಡಿದೇ ಕಾಯುತ್ತಿದ್ದ. "ದೊಡ್ಡವ್ವ, ಸ್ಟೇಟಸ್ ಹಾಕೀನಿ, ಊರೆಲ್ಲಾ ನೋಡ್ಯಾರ! ಏನ್ ಮೀನಬೇ!"

ಅವಳು ಫೋಟೋ ನೋಡಿದಳು. ಕಿವಿರಿನಲ್ಲಿ ಕೆಂಪು ದಾರ ಸ್ವಚ್ಛವಾಗಿ ಕಾಣುತ್ತಿತ್ತು.

"ಇದು ನಿನ್ನ ಮೀನಪ್ಪ," ಎಂದಳು. "ನಂದು ಹೊಳ್ಯಾಗ ಅದ."

"ಅಂದ್ರ?"

"ಹೆಂಗರ ಮಾಡಿ ನಮ್ಮ ದೊಡ್ಡವ್ವಗ ಒಂದು ಮೀನು ಸಿಗಂಗ ಮಾಡ್ರಿ, ಪಾಪ..."

ತನ್ನದೇ ದನಿ ಕೇಳಿ ಚನ್ನವೀರನ ಮುಖ ಇಂಗು ತಿಂದಂತಾಯಿತು. ಮಹಾಂತಮ್ಮ ಸೀಳಿದ ಹೆಬ್ಬೆರಳನ್ನು ಅವನ ಕಣ್ಣ ಮುಂದೆ ಹಿಡಿದಳು.

"ನಾಳಿ ಮಿಲ್ಲಿನ ಬಟನ್ ಈ ಬೆರಳು ಒತ್ತತದ. ನೀ ಎಲ್ಲಿ ನಿಂದ್ರಬೇಕು ಗೊತ್ತೇನು? ಬಲ ಎತ್ತಿನ ಬಾಲಕ್ಕ."

ಚನ್ನವೀರನಿಗೆ ಎತ್ತಿನ ಲೆಕ್ಕ ತಿಳಿಯಲಿಲ್ಲ. ಆದರೂ ಫೋನು ಜೇಬಿಗೆ ಹೋಯಿತು, ಕೈಗಳೆರಡೂ ತಾವಾಗಿಯೇ ಬೆನ್ನ ಹಿಂದೆ ಹೋದವು.